ಬ್ಯಾಂಟಮ್ ಮತ್ತು ದೊಡ್ಡ ಕೋಳಿಯ ಮಿಶ್ರ ಮೊಟ್ಟೆ: ಒಂದು ಕಾವು ಕೆಟ್ಟಿದ್ದು ಎಲ್ಲಿ?

ಬ್ಯಾಂಟಮ್ ಅನ್ನುವ ಗಿಡ್ಡ ಕೋಳಿಗಳನ್ನೂ ದೊಡ್ಡ ಕೋಳಿಗಳನ್ನೂ ಬೆರೆಸಿ ಕಾವಿಗೆ ಇಟ್ಟಿದ್ದು 24 ಮೊಟ್ಟೆ, ಹೊರಗೆ ಬಂದಿದ್ದು 6 ಮರಿ. ಕೋಳಿ ಸಾಕಿದವರು ಇದಕ್ಕೆ ಕಾರಣವನ್ನೂ ಕಂಡುಕೊಂಡಿದ್ದರು. "ದೊಡ್ಡ ಹುಂಜದ ಮರಿ ಚಿಕ್ಕ ಮೊಟ್ಟೆಯೊಳಗೆ ಹಿಡಿಸಲ್ಲ. ಬೆಳೆದು ಬೆಳೆದು ಜಾಗ ಸಾಲದೆ ಸಾಯುತ್ತೆ. ಈ ಎರಡು ಗಾತ್ರ ಬೆರೆಸಲೇಬಾರದು" ಅಂದರು. ಈ ಮಾತು ಕೋಳಿ ಸಾಕುವವರ ನಡುವೆ ಬಹಳ ಕಾಲದಿಂದ ಓಡಾಡುತ್ತಿದೆ. ಕೇಳಿದ ತಕ್ಷಣ ಹೌದಲ್ವಾ ಅನ್ನಿಸುತ್ತದೆ. ಆದರೆ ಅದು ತಪ್ಪು. ಈ ಕಾವಿನಲ್ಲಿ ಅದು ತಪ್ಪು ಅಂತ ತೋರಿಸೋಕೆ ಬೇಕಾದ ಸಾಕ್ಷಿ ಮರಿಯಾಗದೆ ಉಳಿದ ಮೊಟ್ಟೆಗಳೊಳಗೇ ಇತ್ತು. ಅದೃಷ್ಟಕ್ಕೆ ಅವರು ಒಂದನ್ನೂ ಎಸೆದಿರಲಿಲ್ಲ. 7ನೇ ದಿನ ಬೆಳಕಿಗೆ ಹಿಡಿದಾಗ ಖಾಲಿ ಕಂಡವನ್ನು ತೆಗೆದು ಫ್ರಿಜ್ಜಿನಲ್ಲಿಟ್ಟಿದ್ದರು. ಕೊನೆಗೆ ಉಳಿದವನ್ನೂ ಹಾಗೇ ಎತ್ತಿಟ್ಟಿದ್ದರು. ಎಲ್ಲವನ್ನೂ ಒಟ್ಟಿಗೆ ಕೂತು ಒಡೆದು ನೋಡಿದೆವು.

ಮೊದಲು ಹಕ್ಕಿಗಳ ವಿಷಯ. ಒಂದು ಕಡೆ ಕಪ್ಪು ಬಣ್ಣದ ಪೆಕಿನ್ ಬ್ಯಾಂಟಮ್: ಒಂದು ಹುಂಜ, ನಾಲ್ಕು ಹೇಂಟೆ. ಗುಂಡಗೆ, ಗಿಡ್ಡಗೆ, ಕಾಲಿನ ತುದಿವರೆಗೂ ಪುಕ್ಕ. ತೂಕ ಮುಕ್ಕಾಲು ಕಿಲೋ ಆಸುಪಾಸು. ಇನ್ನೊಂದು ಕಡೆ ಬಾರ್ಡ್ ಪ್ಲಿಮತ್ ರಾಕ್: ಮೈತುಂಬ ಕಪ್ಪು-ಬಿಳಿ ಪಟ್ಟೆ, ಪುಕ್ಕವಿಲ್ಲದ ಬೋಳು ಕಾಲು. ಈ ತಳಿಯ ಬೆಳೆದ ಹುಂಜ 4 ಕಿಲೋ ದಾಟುತ್ತದೆ, ಹೇಂಟೆ 3 ಕಿಲೋ ಮೀರುತ್ತದೆ. ಅಂದರೆ ತೂಕದಲ್ಲಿ ಐದು ಪಟ್ಟು ಅಂತರ. ಎರಡು ಗೂಡುಗಳ ಹುಂಜಗಳನ್ನು ಅದಲುಬದಲು ಮಾಡಿದ್ದರು. ಬ್ಯಾಂಟಮ್ ಹುಂಜ ರಾಕ್ ಹೇಂಟೆಗಳ ಜೊತೆ, ರಾಕ್ ಹುಂಜ ಬ್ಯಾಂಟಮ್ ಹೇಂಟೆಗಳ ಜೊತೆ. ಐದನೇ ದಿನದಿಂದ ಮೊಟ್ಟೆ ಕೂಡಿಡಲು ಶುರು ಮಾಡಿ, ವಾರದೊಳಗೆ 12 ದೊಡ್ಡವು 12 ಚಿಕ್ಕವು ಆದ ಮೇಲೆ ಒಂದೇ ಇನ್‌ಕ್ಯುಬೇಟರಿನಲ್ಲಿ ಒಂದೇ ದಿನ ಇಟ್ಟಿದ್ದರು. ಒಳಗೆ ಫ್ಯಾನ್ ಇರುವ ಯಂತ್ರ. ಉಷ್ಣಾಂಶ 37.5 ಡಿಗ್ರಿ ಸೆಲ್ಸಿಯಸ್. ತೇವಾಂಶ ಮೀಟರಿನಲ್ಲಿ 50, ಕೊನೆಯ ಮೂರು ದಿನ 65. ತಾನಾಗಿ ಮೊಟ್ಟೆ ಹೊರಳಿಸುವ ಟ್ರೇ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು.

ಒಡೆದಾಗ ಕಂಡದ್ದು

ದೊಡ್ಡ ಮೊಟ್ಟೆ 12ರಲ್ಲಿ ಮರಿಯಾಗಿದ್ದು 3. ಉಳಿದ 9ರಲ್ಲಿ ಏನೂ ಬೆಳೆದಿರಲಿಲ್ಲ. ಬೆಳಕಿಗೆ ಹಿಡಿದು ನೋಡುವವರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಬೆಳಕಿನಲ್ಲಿ ಖಾಲಿ ಕಂಡ ಮಾತ್ರಕ್ಕೆ ಅದು ಗೊಡ್ಡು ಮೊಟ್ಟೆ ಅಂತ ಹೇಳೋಕಾಗಲ್ಲ. ಮೊದಲ ಒಂದೆರಡು ದಿನದಲ್ಲೇ ಸತ್ತ ಭ್ರೂಣವೂ ಹಾಗೇ ಕಾಣುತ್ತದೆ. ಒಡೆದರೆ ಮಾತ್ರ ಗೊತ್ತಾಗೋದು. ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ಹುಂಜ ಕೂಡದ ಮೊಟ್ಟೆಯಲ್ಲಿ ಅದು ಚಿಕ್ಕದಾಗಿ, ಗಟ್ಟಿ ಬಿಳಿಯಾಗಿ, ಅಂಚು ಅಂಕುಡೊಂಕಾಗಿ ಇರುತ್ತದೆ. ಫಲಿತ ಮೊಟ್ಟೆಯಲ್ಲಿ ಅದೇ ಚುಕ್ಕೆ ಅಗಲವಾಗಿ, ನಡುವೆ ತಿಳಿಯಾಗಿ, ಸುತ್ತ ಬಿಳಿ ಬಳೆ ಕಟ್ಟಿದ ಹಾಗೆ ದುಂಡಗಿರುತ್ತದೆ. ಒಂದೆರಡು ದಿನ ಬೆಳೆದು ಸತ್ತಿದ್ದರೆ ಹಳದಿಯ ಮೇಲೆ ಕೆನೆಯಂತಹ ಪೊರೆ ಹರಡಿರುತ್ತದೆ. ಇನ್ನೂ ಸ್ವಲ್ಪ ಮುಂದೆ ಹೋಗಿ ಸತ್ತಿದ್ದರೆ ರಕ್ತದ ಉಂಗುರ ಇರುತ್ತದೆ. ಈ 9 ಮೊಟ್ಟೆಗಳಲ್ಲೂ ಕಂಡಿದ್ದು ಆ ಚಿಕ್ಕ ಗಟ್ಟಿ ಚುಕ್ಕೆ ಮಾತ್ರ. ಅಂದರೆ ಇವು ಕಾವಿನಲ್ಲಿ ಕೆಟ್ಟ ಮೊಟ್ಟೆಗಳೇ ಅಲ್ಲ. ಗೂಡಿನಿಂದ ಎತ್ತುವಾಗಲೇ ಗೊಡ್ಡು.

ಚಿಕ್ಕ ಮೊಟ್ಟೆಗಳ ಕಥೆ ಪೂರ್ತಿ ಬೇರೆ. 12ರಲ್ಲಿ ಗೊಡ್ಡು ಒಂದೇ. ರಕ್ತದ ಉಂಗುರ ಒಂದರಲ್ಲಿ. ಮರಿಯಾಗಿದ್ದು 3. ಉಳಿದ 7ರಲ್ಲಿ ಪೂರ್ತಿ ಬೆಳೆದ ಮರಿಗಳು ಒಳಗೇ ಸತ್ತಿದ್ದವು. ಇವುಗಳನ್ನು ನೋಡಿಯೇ ಅವರಿಗೆ ಜಾಗ ಸಾಲಲಿಲ್ಲ ಅನ್ನಿಸಿದ್ದು. ಒಡೆಯದೆ ಹೊರಗಿಂದ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸೀತು.

ಓಡನ್ನು ಗಾಳಿಗೂಡಿನ ಕಡೆಯಿಂದ ಚೂರು ಚೂರೇ ಬಿಡಿಸಿದೆವು. ಮೊಟ್ಟೆಯ ದಪ್ಪ ತುದಿಯಲ್ಲಿರುವ ಈ ಖಾಲಿ ಜಾಗ 18ನೇ ದಿನದ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗ ಇರಬೇಕು. ಇಲ್ಲಿ ಅದು ಅರ್ಧದ ಹತ್ತಿರ ಬಂದಿತ್ತು. ಐದು ಮೊಟ್ಟೆಗಳಲ್ಲಿ ಒಳಪೊರೆ ಹಳದಿಗಟ್ಟಿ, ಒಣಗಿ, ಮರಿಯ ತುಪ್ಪುಳಕ್ಕೆ ಅಂಟಿಕೊಂಡಿತ್ತು. ಎಳೆದರೆ ತುಪ್ಪುಳವೂ ಜೊತೆಗೇ ಕಿತ್ತು ಬರುತ್ತಿತ್ತು. ಒಂದು ಮರಿ ಓಡಿಗೆ ಕೊಕ್ಕಿನಿಂದ ಒಂದು ತೂತು ಮಾಡಿ ಅಲ್ಲಿಗೇ ನಿಂತಿತ್ತು. ಮುಂದಕ್ಕೆ ಸುತ್ತು ತಿರುಗಿ ಓಡು ಕತ್ತರಿಸಬೇಕು ಅಂದರೆ ಮೈ ಜಾರಬೇಕು, ಪೊರೆ ಒದ್ದೆಯಾಗಿರಬೇಕು. ಅದು ಬಿಗಿದು ಹಿಡಿದಿತ್ತು. ಒಳಗಿದ್ದ ಮರಿಗಳು ದಪ್ಪಗಿರಲಿಲ್ಲ, ಸೊರಗಿದ್ದವು. ಜಾಗ ಸಾಲದೆ ಸತ್ತ ಮರಿಯ ಪಕ್ಕದಲ್ಲಿ ಅರ್ಧ ಮೊಟ್ಟೆ ಖಾಲಿ ಇರೋದಿಲ್ಲ.

ಉಳಿದ ಎರಡರಲ್ಲಿ ಮರಿಯ ತಲೆ ಮೊಟ್ಟೆಯ ಚೂಪು ತುದಿಯಲ್ಲಿತ್ತು. ತಲೆ ದಪ್ಪ ತುದಿಯಲ್ಲಿದ್ದು, ಕೊಕ್ಕು ಬಲರೆಕ್ಕೆಯ ಅಡಿಯಿಂದ ಗಾಳಿಗೂಡಿನ ಕಡೆ ಮುಖ ಮಾಡಿರಬೇಕು. ಮರಿ ಮೊದಲು ಚುಚ್ಚುವುದು ಗಾಳಿಗೂಡಿನ ಪೊರೆಯನ್ನು. ಅಲ್ಲಿ ಮೊದಲ ಉಸಿರು. ಆಮೇಲೆ ಓಡು. ತಲೆ ಕೆಳಗಾದ ಮರಿಗೆ ಆ ಉಸಿರು ಸಿಗುವುದು ಕಷ್ಟ. ಇದಕ್ಕೆ ಕಾರಣ ಟ್ರೇ. ದೊಡ್ಡ ಮೊಟ್ಟೆಗೆ ಮಾಡಿದ ಕುಳಿಗಳಲ್ಲಿ ಚಿಕ್ಕ ಮೊಟ್ಟೆಗಳು ವಾಲಿ ಮಲಗುತ್ತಿದ್ದವು. ಟ್ರೇ ಒಂದು ಕಡೆಗೆ ಬಾಗಿದಾಗ ಕೆಲವು ಚೂಪು ತುದಿ ಮೇಲಾಗಿ ನಿಲ್ಲುತ್ತಿದ್ದವು.

ಯಾರ ಮರಿ ಯಾವುದು?

ನನಗೆ ಈ ಪ್ರಕರಣದಲ್ಲಿ ಬಹಳ ಹಿಡಿಸಿದ ಭಾಗ ಇದು. ಈ ಎರಡು ತಳಿಗಳ ಆಯ್ಕೆಯಿಂದಾಗಿ ತಂದೆ ಯಾರು ಅಂತ ಮರಿಯ ಮೈಮೇಲೇ ಬರೆದಿತ್ತು.

ರಾಕ್ ಕೋಳಿಯ ಪಟ್ಟೆಯ ಗುಣ ಲಿಂಗವನ್ನು ನಿರ್ಧರಿಸುವ ಜ಼ಡ್ ವರ್ಣತಂತುವಿನ ಮೇಲಿದೆ. ಕೋಳಿಗಳಲ್ಲಿ ಹುಂಜಕ್ಕೆ ಎರಡು ಜ಼ಡ್, ಹೇಂಟೆಗೆ ಒಂದು ಜ಼ಡ್ ಮತ್ತು ಒಂದು ಡಬ್ಲ್ಯೂ. ಹಾಗಾಗಿ ಹೆಣ್ಣುಮರಿಗೆ ಜ಼ಡ್ ಬರುವುದು ಅಪ್ಪನಿಂದ ಮಾತ್ರ. ಪಟ್ಟೆಯ ಗುಣ ಇರುವ ಕಪ್ಪು ಮರಿಯ ನೆತ್ತಿಯ ಮೇಲೆ ಹುಟ್ಟುವಾಗಲೇ ಬಿಳಿ ಮಚ್ಚೆ ಇರುತ್ತದೆ. ಶುದ್ಧ ತಳಿಯ ರಾಕ್ ಹುಂಜದ ಎರಡೂ ಜ಼ಡ್‌ಗಳಲ್ಲಿ ಪಟ್ಟೆ ಇರುವುದರಿಂದ ಅದರ ಎಲ್ಲ ಮರಿಗಳಿಗೂ ಮಚ್ಚೆ ಇರಬೇಕು. ಕಪ್ಪು ಬ್ಯಾಂಟಮ್ ಹುಂಜ ರಾಕ್ ಹೇಂಟೆಯನ್ನು ಕೂಡಿದರೆ ಗಂಡುಮರಿಗೆ ತಾಯಿಯಿಂದ ಮಚ್ಚೆ ಬರುತ್ತದೆ, ಹೆಣ್ಣುಮರಿಗೆ ಬರುವುದಿಲ್ಲ. ಇದರ ಮೇಲೆ ಕಾಲಿನ ಪುಕ್ಕ. ಅದು ಪ್ರಬಲ ಗುಣ. ಪೂರ್ತಿ ಅಲ್ಲದಿದ್ದರೂ ಮಿಶ್ರ ಮರಿಯ ಕಾಲಿನ ಹೊರಬದಿಯಲ್ಲಿ ಒಂದಷ್ಟು ತುಪ್ಪುಳ ಹುಟ್ಟಿದ ದಿನವೇ ಕಾಣುತ್ತದೆ.

ಈಗ ದೊಡ್ಡ ಮೊಟ್ಟೆಯಿಂದ ಬಂದ ಮೂರು ಮರಿ ನೋಡಿ. ಮೂರಕ್ಕೂ ನೆತ್ತಿಯ ಮೇಲೆ ಮಚ್ಚೆ. ಮೂರರ ಕಾಲೂ ಬೋಳು. ಒಂದೇ ಒಂದು ಎಳೆ ತುಪ್ಪುಳವಿಲ್ಲ. ಇವು ಬ್ಯಾಂಟಮ್ ಹುಂಜದ ಮರಿಗಳೇ ಅಲ್ಲ. ಹಳೆಯ ರಾಕ್ ಹುಂಜದ ಶುದ್ಧ ರಾಕ್ ಮರಿಗಳು!

ಇದು ಹೇಗಾಯಿತು? ಹೇಂಟೆಯ ಅಂಡನಾಳದಲ್ಲಿ ವೀರ್ಯ ಕೂಡಿಟ್ಟುಕೊಳ್ಳುವ ಸಣ್ಣ ಸಣ್ಣ ಕೊಳವೆಗಳಿವೆ. ಒಮ್ಮೆ ಕೂಡಿದರೆ ಹತ್ತು ದಿನ, ಎರಡು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ ದಿನ ಫಲಿತ ಮೊಟ್ಟೆ ಬರುತ್ತಿರುತ್ತದೆ. ಹುಂಜ ಬದಲಿಸಿದ ಐದನೇ ದಿನಕ್ಕೆ ಎತ್ತಿದ ಮೊಟ್ಟೆಯ ಅಪ್ಪ ಯಾರು ಅಂತ ಯಾರೂ ಹೇಳೋಕಾಗಲ್ಲ. ತಳಿ ಮಾಡುವವರು ಮೂರು ವಾರ ಕಾಯುವುದು ಇದಕ್ಕೇ. ಹೊಸ ಹುಂಜ ಚೆನ್ನಾಗಿ ಕೂಡುತ್ತಿದ್ದರೆ ಅದರ ವೀರ್ಯವೇ ಬೇಗ ಮೇಲುಗೈ ಪಡೆಯುತ್ತದೆ ನಿಜ. ಆದರೆ ಈ ಗಿಡ್ಡ ಹುಂಜ ಕೂಡುತ್ತಲೇ ಇರಲಿಲ್ಲ. ಗೂಡಿನ ಹತ್ತಿರ ನಿಂತು ನೋಡಿದಾಗ ಅದೂ ಗೊತ್ತಾಯಿತು. ಹಳೆಯ ರಾಕ್ ಹೇಂಟೆಗಳು ಅದನ್ನು ಕುಕ್ಕಿ ಓಡಿಸುತ್ತಿದ್ದವು. ಒಮ್ಮೆ ಒಂದರ ಬೆನ್ನೇರಿತು. ಕುತ್ತಿಗೆಯ ಪುಕ್ಕ ಕೊಕ್ಕಿನಲ್ಲಿ ಹಿಡಿದರೆ ಹಿಂಭಾಗ ಎಟುಕದು, ಹಿಂದಕ್ಕೆ ಸರಿದರೆ ಕುತ್ತಿಗೆಯ ಹಿಡಿತ ತಪ್ಪುತ್ತದೆ. ಜಾರಿ ಬಿತ್ತು. ಹೀಗೆ ನೋಡಿದರೆ ಮೊದಲ ಕಾವಿನಲ್ಲಿ "ಬ್ಯಾಂಟಮ್ ಹುಂಜ, ದೊಡ್ಡ ಹೇಂಟೆ" ಅನ್ನೋ ಮಿಶ್ರಣ ನಡೆದೇ ಇರಲಿಲ್ಲ. ನಡೆಯದ್ದನ್ನು ಸೋತಿತು ಅಂತ ಬರೆದುಕೊಂಡಿದ್ದರು.

ಚಿಕ್ಕ ಮೊಟ್ಟೆಗಳ ಕಡೆಗೂ ಇದೇ ಗುರುತು ಹಿಡಿದು ನೋಡಿದೆವು. ಹುಟ್ಟಿದ ಮೂರರಲ್ಲಿ ಎರಡಕ್ಕೆ ಮಚ್ಚೆ, ಅಂದರೆ ರಾಕ್ ಹುಂಜದ್ದು. ಒಂದು ಅಚ್ಚ ಕಪ್ಪು, ಹಳೆಯ ಪೆಕಿನ್ ಹುಂಜದ್ದು. ಒಣಗಿ ಸತ್ತ ಐದರಲ್ಲಿ ಮಚ್ಚೆ ಇದ್ದದ್ದು ಮೂರಕ್ಕೆ, ಇಲ್ಲದ್ದು ಎರಡಕ್ಕೆ. ಈ ಎರಡು ಶುದ್ಧ ಬ್ಯಾಂಟಮ್ ಮರಿಗಳು. ಅಪ್ಪನೂ ಗಿಡ್ಡ, ಅಮ್ಮನೂ ಗಿಡ್ಡ. ದೊಡ್ಡ ಗಾತ್ರದ ರಕ್ತವೇ ಇಲ್ಲ. ಅವೂ ಪಕ್ಕದ ಮಿಶ್ರ ಮರಿಗಳ ಹಾಗೇ, ಅದೇ ಒಣಗಿದ ಪೊರೆಯೊಳಗೆ ಸತ್ತಿದ್ದವು. ಮರಿ ದೊಡ್ಡದಾಗಿ ಸತ್ತಿತು ಅನ್ನುವ ಮಾತು ಇಲ್ಲಿಗೆ ಮುಗಿಯಿತು.

ಗಾತ್ರದ ಲೆಕ್ಕ

ಹುಟ್ಟುವ ಮರಿಯ ತೂಕವನ್ನು ತೀರ್ಮಾನಿಸುವುದು ಮೊಟ್ಟೆ. ಕಾವಿಗೆ ಇಟ್ಟಾಗಿನ ಮೊಟ್ಟೆಯ ತೂಕದ ಮೂರನೇ ಎರಡು ಭಾಗದಷ್ಟು ಮರಿ ತೂಗುತ್ತದೆ. 34 ಗ್ರಾಂ ಮೊಟ್ಟೆಯಿಂದ 23 ಗ್ರಾಂ ಮರಿ, 58 ಗ್ರಾಂ ಮೊಟ್ಟೆಯಿಂದ 39 ಗ್ರಾಂ ಮರಿ. ಅಪ್ಪ 4 ಕಿಲೋ ಇದ್ದರೂ ಇಷ್ಟೇ, ಮುಕ್ಕಾಲು ಕಿಲೋ ಇದ್ದರೂ ಇಷ್ಟೇ. ಒಳಗಿರುವ ಲೋಳೆ, ಹಳದಿಗಿಂತ ಜಾಸ್ತಿ ಊಟ ಭ್ರೂಣಕ್ಕೆ ಎಲ್ಲಿಂದ ಬರಬೇಕು? ಅಪ್ಪನ ಗಾತ್ರ ಕಾಣಿಸಿಕೊಳ್ಳುವುದು ಮರಿ ಹೊರಗೆ ಬಂದು ತಿನ್ನಲು ಶುರು ಮಾಡಿದ ಮೇಲೆ. ಕಾವಿನ ಮಟ್ಟಿಗೆ ಬ್ಯಾಂಟಮ್ ಹೇಂಟೆಯ ಮೊಟ್ಟೆ ಬ್ಯಾಂಟಮ್ ಮೊಟ್ಟೆಯೇ, ಅಪ್ಪ ಯಾರಾದರೂ ಆಗಲಿ. ದೊಡ್ಡ ಹೇಂಟೆಯ ಮೊಟ್ಟೆ ದೊಡ್ಡ ಮೊಟ್ಟೆಯೇ. ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಇನ್‌ಕ್ಯುಬೇಟರ್ ಹೊಂದಿಸುವುದು ಸುಲಭ.

ಒಂದೇ ಪೆಟ್ಟಿಗೆಯಲ್ಲಿ ಎರಡು ಗಾತ್ರದ ಮೊಟ್ಟೆ ಇದ್ದಾಗ ತೊಂದರೆ ಬರುವುದು ನೀರಿನಿಂದ. ಮೊಟ್ಟೆಯಿಂದ ಕಾವಿನುದ್ದಕ್ಕೂ ತೇವ ಆವಿಯಾಗಿ ಹೋಗುತ್ತಿರುತ್ತದೆ. 18 ದಿನದಲ್ಲಿ ಶೇ. 11ರಿಂದ 13 ತೂಕ ಕಳೆದುಕೊಳ್ಳುವುದು ಸರಿಯಾದ ಅಳತೆ. ಆವಿಯಾಗುವುದು ಓಡಿನ ಮೇಲ್ಮೈಯಿಂದ. ಚಿಕ್ಕ ವಸ್ತುವಿಗೆ ತೂಕದ ಲೆಕ್ಕದಲ್ಲಿ ಮೇಲ್ಮೈ ಜಾಸ್ತಿ. 34 ಗ್ರಾಂ ಮೊಟ್ಟೆಗೆ ಪ್ರತಿ ಗ್ರಾಮಿಗೆ ಇರುವ ಮೇಲ್ಮೈ 58 ಗ್ರಾಂ ಮೊಟ್ಟೆಗಿಂತ ಸುಮಾರು ಐದನೇ ಒಂದು ಭಾಗ ಹೆಚ್ಚು. ಓಡು ಒಂದೇ ರೀತಿ ಇದೆ ಅಂದುಕೊಂಡರೂ, ದೊಡ್ಡದು ಶೇ. 12 ಕಳೆದುಕೊಳ್ಳುವ ಜಾಗದಲ್ಲಿ ಚಿಕ್ಕದು 14 ದಾಟುತ್ತದೆ. ದೊಡ್ಡದು 14 ಕಳೆದುಕೊಂಡರೆ ಚಿಕ್ಕದರದು 16-17.

ಮೀಟರ್ 50 ತೋರಿಸುತ್ತಿತ್ತಲ್ಲ ಅನ್ನಬಹುದು. ಅದನ್ನೂ ಪರೀಕ್ಷೆ ಮಾಡಿದೆವು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತೆ ಆಗುವಷ್ಟೇ ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಒಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಇವರ ಮೀಟರ್ 88 ತೋರಿಸಿತು. ಅಂದರೆ 50 ಅಂದುಕೊಂಡಿದ್ದು ಸುಮಾರು 37. ದೊಡ್ಡ ಮೊಟ್ಟೆ ಇದನ್ನು ಹೇಗೋ ತಡೆದುಕೊಂಡಿತು. ಚಿಕ್ಕದಕ್ಕೆ ಆಗಲಿಲ್ಲ.

ಇನ್ನೊಂದು ವಿಷಯ ಸಮಯದ್ದು. ದೊಡ್ಡ ಕೋಳಿಗೆ 21 ದಿನ. ಬ್ಯಾಂಟಮ್ ಮೊಟ್ಟೆ ಸಾಮಾನ್ಯವಾಗಿ ಒಂದು ದಿನ, ಕೆಲವೊಮ್ಮೆ ಎರಡು ದಿನ ಮೊದಲೇ ಒಡೆಯುತ್ತದೆ. ಇಲ್ಲಿ ಚಿಕ್ಕ ಮೊಟ್ಟೆಗಳಲ್ಲಿ ಮೊದಲ ಬಿರುಕು ಕಂಡದ್ದು 19ನೇ ದಿನ ಸಂಜೆ. ಮರಿ ಬಂದ ಖುಷಿಗೆ ಮುಚ್ಚಳ ತೆಗೆದು ತೆಗೆದು ನೋಡಿದ್ದರು. ಒಣಗಿದ ಮರಿಯನ್ನು ಹೊರತೆಗೆಯಲು ಇನ್ನೊಮ್ಮೆ ತೆಗೆದಿದ್ದರು. ಪ್ರತಿ ಸಲವೂ ತೇವವೆಲ್ಲ ಹೊರಗೆ ಹೋಗುತ್ತದೆ. ಆ ಹೊತ್ತಿಗೆ ಪೊರೆಗೆ ಕೊಕ್ಕು ಹಾಕಿದ್ದ ಉಳಿದ ಮರಿಗಳಿಗೆ ಅದು ತೀರಾ ಕೆಟ್ಟ ಗಳಿಗೆ. ಹುಟ್ಟಿದ ಮರಿ ಹೊಟ್ಟೆಯೊಳಗೆ ಸೇರಿದ ಹಳದಿಯ ಬಲದಲ್ಲಿ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಊಟ ನೀರಿಲ್ಲದೆ ಇರಬಲ್ಲದು. ಅದನ್ನು ಹೊರತೆಗೆಯಲು ಅವಸರ ಬೇಡವೇ ಬೇಡ.

ಹೇಂಟೆಯ ಬೆನ್ನು

ಎರಡನೇ ಕಾವಿಗೆ ಹೋಗುವ ಮುಂಚೆ ಒಂದು ಮಾತು ಗಟ್ಟಿಯಾಗಿ ಹೇಳಬೇಕಿದೆ. ಮೊಟ್ಟೆಯ ಲೆಕ್ಕ ನೋಡಿದರೆ ರಾಕ್ ಹುಂಜ ಮತ್ತು ಬ್ಯಾಂಟಮ್ ಹೇಂಟೆಯ ಜೋಡಿಯೇ ಗೆದ್ದಿತ್ತು. 12ರಲ್ಲಿ 11 ಫಲಿತ, ಅವುಗಳಲ್ಲಿ ಕೆಲವು ಹಳೆಯ ಪೆಕಿನ್ ಹುಂಜದ್ದಾಗಿದ್ದರೂ. ಆದರೆ ಆ ಹೇಂಟೆಗಳನ್ನು ಕೈಗೆತ್ತಿಕೊಂಡು ರೆಕ್ಕೆ ಸರಿಸಿ ನೋಡಿದಾಗ ನನಗೆ ಸಂಕಟವಾಯಿತು. ನಾಲ್ಕರಲ್ಲಿ ಮೂರರ ಬೆನ್ನ ಪುಕ್ಕ ಉದುರಿ ಚರ್ಮ ಕಾಣುತ್ತಿತ್ತು. ಒಂದಕ್ಕೆ ರೆಕ್ಕೆಯ ಕೆಳಗೆ ಹುಂಜದ ಕಾಲಮುಳ್ಳು ಸೀಳಿದ ಗಾಯ. ಮೇಲಿನ ಪುಕ್ಕ ದಟ್ಟವಾಗಿದ್ದರಿಂದ ಹೊರಗೆ ಕಾಣುತ್ತಿರಲಿಲ್ಲ. ಮುಕ್ಕಾಲು ಕಿಲೋ ಹಕ್ಕಿಯ ಮೇಲೆ 4 ಕಿಲೋ ನಿಲ್ಲುತ್ತದೆ ಅಂದರೆ ಬೇರೇನಾದೀತು?

ಬೆನ್ನಿಗೆ ಬಟ್ಟೆಯ ಕವಚ ಕಟ್ಟುವವರಿದ್ದಾರೆ, ಕಾಲಮುಳ್ಳು ಮೊಂಡು ಮಾಡುವವರಿದ್ದಾರೆ. ಉಗುರಿನ ಗೀರು ತಪ್ಪುತ್ತದೆ, ಭಾರ ತಪ್ಪುವುದಿಲ್ಲ. ಇಷ್ಟು ಅಂತರ ಇರುವಾಗ ಬೆಳೆದ ದೊಡ್ಡ ಹುಂಜವನ್ನು ಬ್ಯಾಂಟಮ್ ಹೇಂಟೆಗಳ ಜೊತೆ ಬಿಡಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆ ದಿಕ್ಕಿನ ಮಿಶ್ರಣ ಬೇಕೇ ಬೇಕು ಅಂದರೆ ಕೃತಕ ಗರ್ಭಧಾರಣೆ ಇದೆ. ಕೋಳಿಗಳಲ್ಲಿ ಅದು ಹೊಸದೂ ಅಲ್ಲ, ದುಬಾರಿ ಸಲಕರಣೆಯ ಕೆಲಸವೂ ಅಲ್ಲ. ಹುಂಜದ ಬೆನ್ನು, ಹೊಟ್ಟೆ ನೀವಿ ವೀರ್ಯ ತೆಗೆಯುತ್ತಾರೆ. ಅರ್ಧ ಗಂಟೆಯೊಳಗೆ ಹೇಂಟೆಗೆ ಹಾಕಬೇಕು. ಮಧ್ಯಾಹ್ನ ಇಳಿದ ಮೇಲೆ ಮಾಡುತ್ತಾರೆ. ಬೆಳಗ್ಗೆ ಅಂಡನಾಳದಲ್ಲಿ ಗಟ್ಟಿ ಓಡಿನ ಮೊಟ್ಟೆ ಇದ್ದರೆ ಫಲ ಕಟ್ಟುವುದು ಕಡಿಮೆ. ವಾರಕ್ಕೊಮ್ಮೆ ಸಾಕು. ಆದರೆ ಕೈ ಪಳಗಿರಬೇಕು. ಇವರು ಪಶುವೈದ್ಯರ ಹತ್ತಿರ ಕಲಿತುಕೊಂಡೇ ಮಾಡಿದರು. ಗಾಯವಾದ ಹೇಂಟೆಯನ್ನು ಬಿಟ್ಟು, ಉಳಿದ ಮೂರರ ಬೆನ್ನಿನಲ್ಲಿ ಹೊಸ ಪುಕ್ಕ ಬರುವವರೆಗೆ ಕಾದರು.

ಎರಡನೇ ಕಾವು

ಬ್ಯಾಂಟಮ್ ಹುಂಜದ ಗೂಡಿನಿಂದ ಜಗಳಗಂಟಿ ಹಳೆಯ ಹೇಂಟೆಗಳನ್ನು ತೆಗೆದು, ಆಗಷ್ಟೇ ಮೊಟ್ಟೆಗೆ ಬಂದ, ಮೈ ಇನ್ನೂ ಹಗುರ ಇರುವ ಎರಡು ಎಳೆಯ ರಾಕ್ ಹೇಂಟೆಗಳನ್ನು ಬಿಟ್ಟರು. ಹುಂಜಕ್ಕೂ ಹೇಂಟೆಗಳಿಗೂ ಹಿಂಭಾಗದ ದ್ವಾರದ ಸುತ್ತಲಿನ ಪುಕ್ಕ ಕತ್ತರಿಯಿಂದ ಕತ್ತರಿಸಿದರು. ಪೆಕಿನ್ ತಳಿಯಲ್ಲಿ ಈ ಪುಕ್ಕ ಎಷ್ಟು ಒತ್ತಾಗಿದೆ ಅಂದರೆ ತನ್ನದೇ ತಳಿಯ ಜೊತೆಗೂ ಅದು ಅಡ್ಡ ಬರುತ್ತದೆ. ಸಣ್ಣ ಹುಂಜಕ್ಕೆ ಸಣ್ಣ ಸಂಸಾರ ಕೊಟ್ಟಿದ್ದು ಒಳ್ಳೆಯದೇ ಆಯಿತು. ಹತ್ತು ಹೇಂಟೆಗಳ ಹಿಂದೆ ಓಡಿ ಸೋಲುವುದಕ್ಕಿಂತ ಎರಡರ ಜೊತೆ ಸಲಿಗೆ ಬೆಳೆಯಿತು. ಹೇಂಟೆ ತಾನಾಗಿ ಕುಕ್ಕರಿಸಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಮೂರು ವಾರ ಬಿಟ್ಟು, ಕಾವಿಗೆ ಕೂಡಿಡುವ ಮುಂಚೆ ಕೆಲವು ಮೊಟ್ಟೆ ಒಡೆದು ತಟ್ಟೆಗೆ ಹಾಕಿ ಬಿಳಿ ಚುಕ್ಕೆ ನೋಡಿದರು. ನಡುವೆ ತಿಳಿ, ಸುತ್ತ ಬಳೆ. ಇದು ಎಲ್ಲರೂ ಮಾಡಬೇಕಾದ ಕೆಲಸ ಅಂತ ನನಗನ್ನಿಸುತ್ತದೆ. 21 ದಿನ ಕಾದು ತಿಳಿಯುವುದನ್ನು ಅಡುಗೆಮನೆಯಲ್ಲೇ ನೋಡಬಹುದು. ಆ ಮೊಟ್ಟೆಗಳೂ ಹಾಳಾಗುವುದಿಲ್ಲ, ಬೇಯಿಸಿ ತಿನ್ನಬಹುದು.

ಮೊಟ್ಟೆಗಳನ್ನು ಒಂದು ವಾರಕ್ಕಿಂತ ಜಾಸ್ತಿ ಕೂಡಿಡಲಿಲ್ಲ. ಚೂಪು ತುದಿ ಕೆಳಗೆ ಮಾಡಿ 15 ಡಿಗ್ರಿ ಆಸುಪಾಸಿನಲ್ಲಿ ಇಟ್ಟರು. ತೊಳೆಯಲಿಲ್ಲ. ದೊಡ್ಡ ಮೊಟ್ಟೆ 10ನ್ನು ಮೊದಲು ಇಟ್ಟು, ಒಂದು ದಿನ ಬಿಟ್ಟು ಚಿಕ್ಕವು 10ನ್ನು ಇಟ್ಟರು. ಎರಡೂ ಹತ್ತಿರಹತ್ತಿರದ ಹೊತ್ತಿಗೆ ಒಡೆಯಲಿ, ಕೊನೆಯ ಮೂರು ದಿನ ಮುಚ್ಚಳ ತೆಗೆಯುವ ಪ್ರಸಂಗವೇ ಬರದಿರಲಿ ಅಂತ. ಚಿಕ್ಕ ಮೊಟ್ಟೆಯ ಕುಳಿಗಳಿಗೆ ಮಡಚಿದ ಕಾಗದದ ಬಳೆ ಕೂರಿಸಿ, ದಪ್ಪ ತುದಿ ಸದಾ ಮೇಲಿರುವಂತೆ ಮಾಡಿದರು. ಗಾಳಿತೂತು ಮುಚ್ಚಲಿಲ್ಲ.

ತೇವಾಂಶಕ್ಕೆ ಮೀಟರನ್ನು ನಂಬುವ ಬದಲು ತಕ್ಕಡಿ ಬಳಸಿದ್ದು ದೊಡ್ಡ ಬದಲಾವಣೆ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು, ಒಂದೊಂದೇ ತೂಗದೆ ಗುಂಪಾಗಿ ತೂಗಿದರೆ ಲೆಕ್ಕ ಸರಿಯಾಗಿ ಸಿಗುತ್ತದೆ. ಚಿಕ್ಕವು ಹತ್ತೂ ಸೇರಿ 340 ಗ್ರಾಂ. 18 ದಿನಕ್ಕೆ ಶೇ. 12 ಅಂದರೆ 41 ಗ್ರಾಂ ಹೋಗಬೇಕು. 7ನೇ ದಿನಕ್ಕೆ 16 ಗ್ರಾಂ. ಇವರು ತೂಗಿದಾಗ 19 ಗ್ರಾಂ ಹೋಗಿತ್ತು. ಎರಡನೇ ನೀರಿನ ತೊಟ್ಟಿಯನ್ನೂ ತುಂಬಿಸಿದರು. 18ನೇ ದಿನಕ್ಕೆ ಒಟ್ಟು 43 ಗ್ರಾಂ, ಶೇ. 13ಕ್ಕಿಂತ ಚೂರು ಕಡಿಮೆ. ದೊಡ್ಡವು ಅದೇ ಗಾಳಿಯಲ್ಲಿ ಶೇ. 11ಕ್ಕೆ ನಿಂತವು. ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಇಡುವಾಗ ಚಿಕ್ಕ ಮೊಟ್ಟೆಯ ಅಳತೆಗೆ ತೇವ ಹೊಂದಿಸಬೇಕು. ದೊಡ್ಡದು ಸ್ವಲ್ಪ ಕಡಿಮೆ ಒಣಗಿದರೆ ಸಹಿಸಿಕೊಳ್ಳುತ್ತದೆ. ಫ್ಯಾನ್ ಇಲ್ಲದ ಯಂತ್ರವಾಗಿದ್ದರೆ ಇನ್ನೊಂದು ತಲೆನೋವೂ ಇತ್ತು. ಅದರಲ್ಲಿ ಬಿಸಿಗಾಳಿ ಮೇಲೆ ನಿಲ್ಲುವುದರಿಂದ ದೊಡ್ಡ ಮೊಟ್ಟೆಯ ತಲೆ ಮಟ್ಟದಲ್ಲಿ ಇರುವ ಉಷ್ಣಾಂಶ ಪಕ್ಕದ ಚಿಕ್ಕ ಮೊಟ್ಟೆಯ ತಲೆಗೆ ಸಿಗುವುದಿಲ್ಲ. ಚಿಕ್ಕವುಗಳ ಕೆಳಗೆ ಏನಾದರೂ ಇಟ್ಟು ಎತ್ತರಿಸಬೇಕಾಗುತ್ತದೆ.

ಫಲಿತಾಂಶ ಹೀಗಿತ್ತು. ದೊಡ್ಡವು 10ರಲ್ಲಿ 7 ಫಲಿತ, 6 ಮರಿ. ಎಲ್ಲ ಆರರ ಕಾಲಿನ ಹೊರಬದಿಯಲ್ಲೂ ತೆಳ್ಳನೆಯ ತುಪ್ಪುಳದ ಸಾಲು. ನಾಲ್ಕರ ನೆತ್ತಿಯಲ್ಲಿ ಬಿಳಿ ಮಚ್ಚೆ, ಎರಡರದು ಅಚ್ಚ ಕಪ್ಪು. ಅಂದರೆ ನಾಲ್ಕು ಗಂಡು, ಎರಡು ಹೆಣ್ಣು ಅಂತ ಹುಟ್ಟಿದ ದಿನವೇ ಗೊತ್ತಾಯಿತು. ಅಪ್ಪ ಗಿಡ್ಡ ಹುಂಜವೇ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಚಿಕ್ಕವು 10ರಲ್ಲಿ 8 ಫಲಿತ, 7 ಮರಿ, ಏಳಕ್ಕೂ ಮಚ್ಚೆ. ದೊಡ್ಡ ಹುಂಜದ ಮರಿಗಳು ಚಿಕ್ಕ ಮೊಟ್ಟೆಯಿಂದ ಯಾರ ಸಹಾಯವೂ ಇಲ್ಲದೆ ಓಡು ಕತ್ತರಿಸಿ ಎದ್ದು ಬಂದವು.

ಆಮೇಲೆ ಬೆಳೆದ ರೀತಿ

ಮೊದಲ ಎರಡು ವಾರ ಎರಡು ಗುಂಪನ್ನು ಬೇರೆ ಬೇರೆ ಇಡಬೇಕಾಯಿತು. 23 ಗ್ರಾಂ ಮರಿಯನ್ನು 39 ಗ್ರಾಂ ಮರಿಗಳು ಸುಮ್ನೆ ತುಳಿದು ಓಡಾಡುತ್ತವೆ. ಬೆಚ್ಚಗಿನ ಜಾಗವನ್ನೂ ಅವೇ ಹಿಡಿಯುತ್ತವೆ. ದೀಪದ ಕೆಳಗೆ 35 ಡಿಗ್ರಿಯಿಂದ ಶುರು ಮಾಡಿ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿದರು. ಚಿಕ್ಕ ಮರಿಗಳು ಮುಳುಗದಂತೆ ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿದರು. ಮೊಟ್ಟೆಯ ಗಾತ್ರದಿಂದ ಬಂದ ಅಂತರ ಬರಬರುತ್ತಾ ಕಡಿಮೆಯಾಯಿತು. ಅಲ್ಲಿಂದ ಮುಂದೆ ಅಪ್ಪನ ಪಾಲು ಕಾಣತೊಡಗಿತು.

ಬೆಳೆದ ಮೇಲೆ ಗಂಡುಗಳೆಲ್ಲ ಹೆಚ್ಚು ಕಡಿಮೆ ಒಂದೇ ಗಾತ್ರ, ಎರಡು ತಳಿಗಳ ನಡುವಿನದ್ದು. ಹೆಣ್ಣುಗಳಲ್ಲಿ ವ್ಯತ್ಯಾಸ ಕಂಡಿತು. ಬ್ಯಾಂಟಮ್ ಅಪ್ಪನಿಗೆ ಹುಟ್ಟಿದ ಎರಡು ಕಪ್ಪು ಹೇಂಟೆಗಳು ರಾಕ್ ಅಪ್ಪನಿಗೆ ಹುಟ್ಟಿದ ಹೇಂಟೆಗಳಿಗಿಂತ ಚಿಕ್ಕವಾಗಿಯೇ ಉಳಿದವು, ದೊಡ್ಡ ಮೊಟ್ಟೆಯಿಂದ ಬಂದಿದ್ದರೂ. ಇಷ್ಟು ಕಡಿಮೆ ಹಕ್ಕಿಗಳಿಂದ ನಿಯಮ ಕಟ್ಟುವುದು ಸರಿಯಲ್ಲ. ಆದರೆ ಇದು ತಿಳಿದ ವಿಚಾರಕ್ಕೆ ಹೊಂದುತ್ತದೆ. ಕೋಳಿಯ ಗಾತ್ರವನ್ನು ನಿರ್ಧರಿಸುವುದು ಒಂದು ಜೀನ್ ಅಲ್ಲ, ಹಲವು. ಅವುಗಳಲ್ಲಿ ಮೈ ಗಿಡ್ಡ ಮಾಡುವ ಕೆಲವು ಜ಼ಡ್ ಮೇಲೇ ಇವೆ. ಹೆಣ್ಣುಮರಿಗೆ ಜ಼ಡ್ ಕೊಡುವವನು ಅಪ್ಪ. ಚಿಕ್ಕ ಹೇಂಟೆ ಬೇಕಾದವರಿಗೆ ಬ್ಯಾಂಟಮ್ ಹುಂಜದ ದಿಕ್ಕು, ಸ್ವಲ್ಪ ದೊಡ್ಡದು ಬೇಕಾದವರಿಗೆ ಇನ್ನೊಂದು ದಿಕ್ಕು ಅನುಕೂಲ ಅಂತ ಹೇಳಬಹುದು. ಹೇಂಟೆಯ ಬೆನ್ನಿನ ವಿಷಯ ಮಾತ್ರ ಮರೆಯಬಾರದು.

ಈಗ ಅವರ ಮುಂದಿರುವ ಪ್ರಶ್ನೆ, ಈ ಮಿಶ್ರ ಹಕ್ಕಿಗಳನ್ನೇ ತಮ್ಮೊಳಗೆ ಕೂಡಿಸಿದರೆ ಇದೇ ನಡುಗಾತ್ರ ನಿಲ್ಲುತ್ತದಾ ಅನ್ನುವುದು. ನಿಲ್ಲುವುದಿಲ್ಲ. ಪನೆಟ್ ಮತ್ತು ಬೈಲಿ ಅನ್ನುವ ತಳಿವಿಜ್ಞಾನಿಗಳು 1914ರಲ್ಲೇ ಇದನ್ನು ತೋರಿಸಿದ್ದಾರೆ. ಹ್ಯಾಂಬರ್ಗ್ ಕೋಳಿಯನ್ನು ಸೆಬ್ರೈಟ್ ಬ್ಯಾಂಟಮ್ ಜೊತೆ ಕೂಡಿಸಿದಾಗ ಮೊದಲ ಪೀಳಿಗೆ ನಡುಗಾತ್ರದ್ದಾಯಿತು. ಎರಡನೇ ಪೀಳಿಗೆಯಲ್ಲಿ ಗಾತ್ರ ಚೆದುರಿತು. ಹ್ಯಾಂಬರ್ಗಿಗಿಂತ ದೊಡ್ಡವೂ ಬಂದವು, ಸೆಬ್ರೈಟಿಗಿಂತ ಚಿಕ್ಕವೂ ಬಂದವು. ಹಾಗಾಗಿ ಅವರಿಗೆ ಹೇಳಿದ್ದು ಇಷ್ಟು: ಎಲ್ಲದಕ್ಕೂ ಕಾಲಿಗೆ ನಂಬರಿನ ಬಳೆ ಹಾಕಿ, ಯಾವ ಮೊಟ್ಟೆ ಯಾವ ಹೇಂಟೆಯದ್ದು ಅಂತ ಬರೆದಿಟ್ಟುಕೊಳ್ಳಿ, ಎರಡನೇ ಪೀಳಿಗೆಯಲ್ಲಿ ಮರಿ ಜಾಸ್ತಿ ತೆಗೆದು ಬೇಕಾದ ಗಾತ್ರದ್ದನ್ನು ಮಾತ್ರ ಮುಂದಕ್ಕೆ ಉಳಿಸಿಕೊಳ್ಳಿ. ಮಿಶ್ರ ಹೇಂಟೆಗಳು ಈಗ 45 ಗ್ರಾಂ ಆಸುಪಾಸಿನ ಮೊಟ್ಟೆ ಇಡುತ್ತಿವೆ. ಮುಂದಿನ ಕಾವಿನಲ್ಲಿ ಎಲ್ಲವೂ ಒಂದೇ ಅಳತೆಯ ಮೊಟ್ಟೆ ಆಗಿರುವುದರಿಂದ ಒಂದೇ ದಿನ ಇಡಬಹುದು. ತಕ್ಕಡಿ ಮಾತ್ರ ಪಕ್ಕದಲ್ಲೇ ಇರಲಿ ಅಂದಿದ್ದೇನೆ.